ಅಮಸಿದ್ದಪ್ಪನ ಚಹಾ ಮತ್ತು ಕಂಬವಿಲ್ಲದ ಗ್ಯಾಲರಿ

ಬಾಗಲಕೋಟೆ ಜಿಲ್ಲೆಯಲ್ಲಿ ಸ್ಲ್ಯಾಬ್ ಹಾಕುವ ಗೌಂಡಿಗಳು ಮಾವಿನ ಕಾಲದ ನೊಣಗಳಷ್ಟಿದ್ದಾರೆ. ಆದರೆ ತಾನು ಹಾಕಿದ ಸ್ಲ್ಯಾಬಿಗೆ ಆಸರೆಯಾಗಿದ್ದ ಸೆಂಟ್ರಿಂಗ್ ಹಲಗೆ ಬಿಚ್ಚುವಾಗ ಅದರ ಕೆಳಗೇ ಕುರ್ಚಿ ಹಾಕಿ ಕೂತು, ಕಪ್ಪಿನ ತಳ ಕಾಣುವ ತನಕ ಚಹಾ ಕುಡಿಯುವವನು ಬೇವೂರಿನ ಅಮಸಿದ್ದಪ್ಪ ಒಬ್ಬನೇ. ಇನ್ನೂರ ಹನ್ನೊಂದು ಮನೆ, ಇನ್ನೂರ ಹನ್ನೊಂದು ಕಪ್ಪು. ನಡುವೆ ಒಮ್ಮೆಯೂ ಎದ್ದವನಲ್ಲ. ಹುನಗುಂದದಲ್ಲಿ ಹಲಗೆಯೊಂದು ಜಾರಿ ಅವನ ಮೂಗು ಸವರಿಕೊಂಡು ಬಿದ್ದಾಗ, ಅದರ ಮೇಲೆಯೇ ಕಪ್ಪಿಟ್ಟು "ಸಕ್ಕರಿ ಕಮ್ಮಿ ಆಗೇತಿ" ಅಂದನಂತೆ.

ಕಟ್ಟುವುದು ಅವರ ಮನೆತನದ ಕಸುಬು. ಮುತ್ತಜ್ಜ ಬಾದಾಮಿಯ ಕಡೆಯಿಂದ ಕಲ್ಲುಹಾಸು ತಂದು ಮನೆ ಮುಚ್ಚುತ್ತಿದ್ದ. ಕಲ್ಲಿನ ಸ್ವಭಾವ ವಿಚಿತ್ರ. ತಲೆಯ ಮೇಲೆ ಆನೆ ನಿಲ್ಲಿಸಿದರೂ ತಡೆಯುತ್ತದೆ, ಎಳೆದರೆ ಮಾತ್ರ ಮುನಿಸಿಕೊಂಡು ಸೀಳುತ್ತದೆ. ಅದಕ್ಕೇ ಹಳೆಯ ಗುಡಿಗಳಲ್ಲಿ ಭಕ್ತರಿಗಿಂತ ಕಂಬಗಳು ಹೆಚ್ಚು. ಮುತ್ತಜ್ಜ ಕಟ್ಟಿದ ಮನೆಯೊಳಗೆ ಹೋದ ಎಮ್ಮೆ ತಿರುಗಲು ಜಾಗವಿಲ್ಲದೆ ಹಿಂದುಹಿಂದಕ್ಕೇ ನಡೆದು ಹೊರಬರುತ್ತಿತ್ತು. ಅಪ್ಪನ ಕಾಲಕ್ಕೆ ಬೇವಿನ ತೊಲೆ, ಜಂತಿ, ಮಣ್ಣಿನ ಮಾಳಿಗೆ ಬಂದವು, ಎಮ್ಮೆ ತಿರುಗಿತು. ಅಮಸಿದ್ದಪ್ಪನ ಪಾಲಿಗೆ ಕಾಂಕ್ರೀಟು ಬಂತು. ಅದೂ ಕಲ್ಲಿನ ಗುಣದ್ದೇ. ಎಳೆತ ಬೀಳುವ ಕಡೆ ಕಬ್ಬಿಣದ ರಾಡು ಮಲಗಿಸಬೇಕು. ಎರಡೂ ಕಡೆ ಗೋಡೆಯಿದ್ದ ಸ್ಲ್ಯಾಬು ನಡುವೆ ಜೋತು ಕೆಳಗೆ ಬಿರುಕಿನ ಬಾಯಿ ಬಿಡುತ್ತದೆ, ಹಾಗಾಗಿ ರಾಡು ಕೆಳಗೆ. ಅಮಸಿದ್ದಪ್ಪ ಮೂವತ್ತು ವರ್ಷ ಕೆಳಗೇ ಇಟ್ಟ. ಕಿಟಕಿಯ ಮೇಲಿನ ಸಜ್ಜಾಕ್ಕೆ ಇಳಕಲ್ಲಿನ ಕಲ್ಲು ಚಾಚುತ್ತಿದ್ದ, ಮಹಡಿಯ ಮುಂದೆ ಚಾಚುವ ಗ್ಯಾಲರಿಗೆ ಕಂಬ ಕೊಡುತ್ತಿದ್ದ. ರಾಡು ಯಾಕೆ ಕೆಳಗೆ ಎಂದು ಯಾರಾದರೂ ಕೇಳಿದರೆ, ಸೂರ್ಯ ಯಾಕೆ ಮೇಲೆ ಎಂದು ಕೇಳಿದವರನ್ನು ನೋಡುವ ಹಾಗೆ ನೋಡುತ್ತಿದ್ದ.

ಹೀಗಿರುವಾಗ ನವನಗರದ ಬಸಯ್ಯನವರ ಮನೆ ಬಂತು. ಹಳೇ ಬಾಗಲಕೋಟೆಯ ತಮ್ಮ ಮನೆ ಅಣೆಕಟ್ಟೆಯ ಹಿನ್ನೀರಿಗೆ ಹೋದ ಮೇಲೆ ಇಲ್ಲಿಗೆ ಬಂದ ಬಸಯ್ಯ, ಹತ್ತು ವರ್ಷ ನವನಗರದ ಕಾಗೆಗಳ ದನಿಯೂ ಸರಿಯಿಲ್ಲ ಎಂದು ತಕರಾರು ಮಾಡಿದವರು. ಎದುರು ಮನೆಯವರಂತೆ ತಮಗೂ ಕಂಬವಿಲ್ಲದ ಗ್ಯಾಲರಿ ಬೇಕೆಂದರು. ಸಿವಿಲ್ ಇಂಜಿನಿಯರಿಂಗ್ ಓದಿದ ಅವರ ಮಗಳು ಮಹೇಶ್ವರಿ ನಕ್ಷೆ ಹಿಡಿದು ನಿಂತಳು.

"ಕಾಕಾ, ಈ ಗ್ಯಾಲರಿ ಒಂದ ಕಡಿ ಗೋಡಿ ಹಿಡಕೊಂಡು ಚಾಚಿರ್ತೈತಿ. ಬಾಯಿ ಬಿಡೋದು ಮ್ಯಾಲ. ರಾಡ ಮ್ಯಾಲ ಇರಬೇಕು."

"ತಂಗಿ, ನೀ ಹುಟ್ಟೂದಕಿಂತ ಮೊದಲಿಂದ ನಾ ರಾಡ ಕೆಳಗ ಇಟ್ಟೇನಿ."

"ಕಂಬಾನೂ ಇಟ್ಟೀರಿ."

ಬಸಯ್ಯ ನಡುವೆ ಬಂದರು. "ಜಗಳ ಯಾಕ? ಬಿದ್ದರ ಮೊದಲ ಇವನ ತಲಿ ಮ್ಯಾಲ ಬೀಳ್ತೈತಿ. ಹೆಂಗೂ ಚಾ ಕುಡಿಯಾಕ ಕೆಳಗ ಕುಂದ್ರಾಂವ."

ಬುಟ್ಟಿಯಲ್ಲಿ ಉಸುಕು ಹೊರುತ್ತಿದ್ದ ಅಮಸಿದ್ದಪ್ಪನ ಹೆಂಡತಿ ಸತ್ಯವ್ವನ ಕಿವಿಗೆ ಈ ಮಾತು ಬಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಒಂದು ಕಡಕ್ ರೊಟ್ಟಿಯನ್ನು ಇಟ್ಟಂಗಿಗಳ ಸಾಲಿನ ಅಂಚಿನಿಂದ ಅರ್ಧ ಹೊರಗೆ ಚಾಚಿ, ಹಿಂದಿನ ತುದಿಗೆ ಒಂದು ಇಟ್ಟಂಗಿ ಹೇರಿದಳು. ಮುಂದಿನ ತುದಿಗೆ ಒಂದು ಉಳ್ಳಾಗಡ್ಡಿ ಇಟ್ಟಳು. ರೊಟ್ಟಿ ಬಾಗಿತು, ಮೇಲ್ಗಡೆ ಬಿರುಕು ಬಿಟ್ಟಿತು, ಮುರಿದು ಬಿತ್ತು.

"ಎಲ್ಲಿ ಬಾಯಿ ಬಿಡ್ತು, ನೋಡಿದ್ರಿಲ್ಲ?"

"ರೊಟ್ಟಿ ಹಳೀದ."

ಸತ್ಯವ್ವ ಇನ್ನೊಂದು ಇಟ್ಟಳು. ಅದೂ ಮೇಲೆಯೇ ಬಿರಿಯಿತು. ಹೀಗೆ ಏಳು ರೊಟ್ಟಿ ಮುರಿದವು. ಅಮಸಿದ್ದಪ್ಪ ಸಾಕ್ಷಿಗಳನ್ನೆಲ್ಲ ಒಂದೊಂದಾಗಿ ಪಲ್ಯದ ಜೊತೆ ತಿಂದುಹಾಕಿದ.

ಮರುದಿನ ಬೆಳಿಗ್ಗೆ ಮಹೇಶ್ವರಿ ಬಂದು ನೋಡಿದರೆ ರಾಡುಗಳೆಲ್ಲ ಮೇಲಿದ್ದವು.

"ಗಾಳಿ ಆಡಲಿ ಅಂತ ಮ್ಯಾಲ ಇಟ್ಟೇನಿ," ಅಂದ ಅಮಸಿದ್ದಪ್ಪ.

ಕಾಂಕ್ರೀಟು ಬಿತ್ತು. ನೀರುಣಿಸಿ ನಾಲ್ಕು ವಾರ ಕಾದರು. ಸೆಂಟ್ರಿಂಗ್ ಬಿಚ್ಚುವ ದಿನ ಓಣಿಗೆ ಓಣಿಯೇ ಸೇರಿತು. ಅಮಸಿದ್ದಪ್ಪ ಗ್ಯಾಲರಿಯ ಕೆಳಗೆ ಕುರ್ಚಿ ಹಾಕಿ ಕೂತ, ಕೈಯಲ್ಲಿ ಕಪ್ಪು, ಮುಖದಲ್ಲಿ ಮಠಾಧೀಶರ ಶಾಂತಿ. ಕಣ್ಣು ಮಾತ್ರ ಮತ್ತೆ ಮತ್ತೆ ಮೇಲಿನ ಹಲಗೆಗೇ ಹೋಗುತ್ತಿತ್ತು. ಮೂವತ್ತು ವರ್ಷದ ರೂಢಿ ಬಿಟ್ಟು ರೊಟ್ಟಿಯ ಮಾತು ಕೇಳಿದವನು, ಪಾಪ.

ಆಸರೆಗೆ ನಿಲ್ಲಿಸಿದ್ದ ಒಂದು ಗಳ ಸರಿಸಿದರು. ಎರಡು. ಕೊನೆಯ ಗಳವೂ ಸರಿಯಿತು. ಆಗ ಹಲಗೆಗೆ ಅಂಟಿದ್ದ ಕಡಲೆಕಾಳಿನಷ್ಟು ಸಿಮೆಂಟಿನ ಚೂರು ಕಳಚಿ, ಪುಳಕ್ಕನೆ ಚಹಾದೊಳಗೆ ಬಿತ್ತು.

ಆಮೇಲೆ ಕಂಡದ್ದು ಕುರ್ಚಿ ಮಾತ್ರ. ಅಮಸಿದ್ದಪ್ಪ ಹೊರಟ ರಭಸಕ್ಕೆ ನವನಗರದ ಮೂರು ಸೆಕ್ಟರಿನ ನಾಯಿಗಳು ಬೆನ್ನುಹತ್ತಿ, ಸೋತು, ನಾಲಿಗೆ ಚಾಚಿಕೊಂಡು ಮರಳಿದವು. ಗ್ಯಾಲರಿ ಎಳ್ಳಷ್ಟೂ ಅಲುಗಲಿಲ್ಲ. ಬಸಯ್ಯ ಮೇಲೆ ಹತ್ತಿ ಕುಣಿದು ನೋಡಿದರು. ಓಣಿಯ ಹದಿನಾಲ್ಕು ಮಂದಿಯೂ ಹತ್ತಿ ಕುಣಿದರು.

ಹತ್ತು ನಿಮಿಷದ ಮೇಲೆ ಅಮಸಿದ್ದಪ್ಪ ಖಾಲಿ ಕಪ್ಪು ಹಿಡಿದು ನಿಧಾನವಾಗಿ ನಡೆದು ಬಂದ.

"ಏನೋ ಅಮಸಿದ್ದಾ," ಮೇಲಿನಿಂದಲೇ ಬಸಯ್ಯ ನಕ್ಕರು, "ಗ್ಯಾಲರಿ ನಿಂತೈತಿ, ಗೌಂಡಿ ಓಡಿದಾ?"

ಅಮಸಿದ್ದಪ್ಪ ಕುರ್ಚಿಯ ಧೂಳು ಝಾಡಿಸಿ, ಗ್ಯಾಲರಿಯ ಕೆಳಗೇ ಕಾಲ ಮೇಲೆ ಕಾಲು ಹಾಕಿ ಕೂತ.

"ಓಡಿಲ್ರಿ ಅಯ್ನಾರ. ನೀವು ಹಳೇ ಊರಿಂದ ಇಲ್ಲಿಗೆ ಬಂದು ಹೊಂದಿಕೊಳ್ಳಾಕ ಹತ್ತ ವರ್ಷ ತಗೊಂಡ್ರಿ. ಮೂವತ್ತ ವರ್ಷ ಕೆಳಗಿದ್ದ ರಾಡು ಮ್ಯಾಲ ಹೋಗೇತಿ. ಅದಕ್ಕೂ ನಾ ಹತ್ತ ನಿಮಿಷ ಕೊಟ್ಟೆ."