ಪಾಂಡುರಂಗರಾವ್ ಕುಳಿತ ಕೋಣೆ

ಪಾಂಡುರಂಗರಾವ್ ದಿನಾ ನಾಲವಾರದಿಂದ ರೈಲಿನಲ್ಲಿ ಶಹಾಬಾದಿಗೆ ಬಂದು ನಮ್ಮ ಕಾಲೇಜಿನಲ್ಲಿ ಹನ್ನೊಂದು ವರ್ಷ ಇಂಗ್ಲಿಷ್ ಕಲಿಸಿದರು. ಹನ್ನೊಂದು ವರ್ಷವೂ ಹಂಗಾಮಿ. ನಾನು ಅಲ್ಲೇ ಕನ್ನಡದ ಮಾಸ್ತರ, ಕಾಯಂ. ನನ್ನ ತರಗತಿಯಲ್ಲಿ ನಿದ್ದೆ ಹೋದ ಹುಡುಗರು ಅವರ ತರಗತಿಯಲ್ಲಿ ಎಚ್ಚರಾಗುತ್ತಿದ್ದರು. ಹೀಗಾಗಿ ನಮ್ಮಿಬ್ಬರ ನಡುವೆ ಹಾಸಿಗೆ ಹಾಸುವವರು ಯಾರು, ಎಬ್ಬಿಸುವವರು ಯಾರು ಎಂಬ ಜಗಳ ಎಂದೂ ಬರಲಿಲ್ಲ.

ಪದವಿಯ ಕೊನೆಯ ವರ್ಷಕ್ಕೆ ಆಫ್ರಿಕಾದ ಒಂದು ಕಾದಂಬರಿ ಪಠ್ಯವಾಗಿತ್ತು. ಮಹಾಯುದ್ಧ ಮುಗಿದು, ಬಿಳಿಯರು ಹಡಗು ಹತ್ತಿ, ಅಲ್ಲಿಯವರೇ ಅಧಿಕಾರಕ್ಕೆ ಬಂದ ಕಾಲದ ಕಥೆ. ಬಂದರು ಪಟ್ಟಣದ ಒಂದು ಕಚೇರಿ. ಒಳಗೆ ಸಾಹೇಬ ಬದಲಾಗಿದ್ದಾನೆ, ಗೋಡೆಯ ಪಟವೂ ಬದಲಾಗಿದೆ. ಪಟದ ಮೊಳೆ ಮಾತ್ರ ಹಳೆಯದು. ಜನ ಕಾಯುವ ಹೊರಗಿನ ಬೆಂಚೂ ಹಳೆಯದೇ. ಈ ಕಚೇರಿಯನ್ನು ಪಾಂಡುರಂಗರಾವ್ ಎರಡು ತಿಂಗಳು ಕಲಿಸುತ್ತಿದ್ದರು. ಪಕ್ಕದ ಕೋಣೆಯಲ್ಲಿ ಷಟ್ಪದಿಯ ಮಾತ್ರೆ ಎಣಿಸುತ್ತಿದ್ದ ನನಗೂ ಕೇಳುತ್ತಿತ್ತು:

"ಸಾಹೇಬ ಏನ್ ಭಾಷಣ ಮಾಡ್ತಾನ, ಅದನ್ನ ಬಿಡ್ರಿ. ಫ್ಯಾನ್ ಯಾರ ತಲಿ ಮ್ಯಾಲ ತಿರಗ್ತದ, ಬಿಸಲು ಯಾರ ತಲಿ ಮ್ಯಾಲ ಬೀಳ್ತದ, ಅದನ್ನ ನೋಡ್ರಿ. ಲೇಖಕ ಲಂಚ ಅಂತ ಎಲ್ಲೂ ಬರದಿಲ್ಲ. ಬರೇ ಖೋಲಿ ಬರದಾನ. ಖೋಲಿನೇ ಎಲ್ಲಾ ಹೇಳ್ತದ."

"ಸರ, ಹೀರೋ ಯಾವಾಗ ಬರ್ತಾನ್ರಿ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

"ಬಂದಾನಪ್ಪ. ಹೊರಗ ಕುಂತಾನ. ಚೀಟಿ ಕಳಿಸ್ಯಾನ, ಇನ್ನಾ ಒಳಗ ಕರದಿಲ್ಲ."

ನಮ್ಮಲ್ಲೂ ಅಂಥದೊಂದು ಕೋಣೆಯಿತ್ತು. ಕಾಲ ಕೆಳಗೇ ಕಲ್ಲು ಸಿಗುವ ಊರು ನಮ್ಮದು. ತರಗತಿಗಳ ನೆಲಕ್ಕೆಲ್ಲ ಶಹಾಬಾದಿ ಫರಸಿಗಲ್ಲೇ. ಆಡಳಿತ ಮಂಡಳಿಯ ಕಾರ್ಯದರ್ಶಿ ಕಲ್ಯಾಣಪ್ಪನವರ ಕೋಣೆಗೆ ಮಾತ್ರ ಎಲ್ಲಿಂದಲೋ ಲಾರಿಯಲ್ಲಿ ಬಂದ ಮಾರ್ಬಲ್. ಗ್ರಂಥಾಲಯ ಕಟ್ಟಲು ಬಂದ ಅನುದಾನ ಆ ನೆಲದ ಮೇಲೆ ಹೊಳೆಯುತ್ತಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಬಾಗಿಲಲ್ಲಿ ಜವಾನ ಚಾಂದ್ ಎಲ್ಲರ ಚಪ್ಪಲಿ ಬಿಡಿಸುತ್ತಿದ್ದ.

"ದರ್ಗಾದಾಗ ಬಿಡಂಗಿಲ್ಲೇನ್ರಿ ಸರ? ಹಂಗೇ ತಿಳ್ಕೋರಿ. ಇಲ್ಲೂ ಬೇಡ್ಕೊಳ್ಳಾಕೇ ಬಂದೀರಲ್ಲ" ಎನ್ನುತ್ತಿದ್ದ.

೧೯೯೭ರಲ್ಲಿ ತಪಾಸಣಾ ಸಮಿತಿ ಬರುವ ಸುದ್ದಿ ಬಂತು. ಅವರು ಒಪ್ಪಿದರೆ ಇಂಗ್ಲಿಷಿನ ಹುದ್ದೆ ಕಾಯಂ ಆಗುತ್ತದೆ. ಪಾಂಡುರಂಗರಾಯರ ಮನೆಯವರು ಅನಸೂಯಾಬಾಯಿ ಆ ಒಂದು ಕಾಗದಕ್ಕಾಗಿ ಶನಿವಾರ ಉಪವಾಸ ಹಿಡಿದು ಎಷ್ಟೋ ವರ್ಷವಾಗಿತ್ತು.

ತಪಾಸಣೆಯೆಂದರೆ ನಮ್ಮ ಕಡೆ ಮದುವೆಯಷ್ಟೇ ತಯಾರಿ. ಇಲ್ಲದ ಸಾಮಾನನ್ನು ಎರವಲು ತರಬೇಕು, ಇಲ್ಲದ ಮಂದಿಯನ್ನು ಇದ್ದವರಿಂದ ತುಂಬಬೇಕು. ಸೇಡಮಿನಿಂದ ಟೆಂಪೊ ತುಂಬ ಪುಸ್ತಕ ಬಂದವು. ಸೈಕಲ್ ನಿಲ್ಲಿಸುವ ಕೋಣೆಯಲ್ಲಿ ಇಟ್ಟಿಗೆಯ ಮೇಲೆ ಫರಸಿ ಜೋಡಿಸಿ ಕಪಾಟು ಮಾಡಿ, ಬಾಗಿಲಿಗೆ 'ಗ್ರಂಥಾಲಯ' ಎಂದು ಬರೆಸಿದ್ದಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ನನ್ನನ್ನು ಕೊರಳಿಗೆ ಸೀಟಿ ಕಟ್ಟಿ ದೈಹಿಕ ಶಿಕ್ಷಣದ ಮಾಸ್ತರನನ್ನಾಗಿ ಮಾಡಿದರು.

ಆಮೇಲೆ ಕಲ್ಯಾಣಪ್ಪನವರು ಪಾಂಡುರಂಗರಾಯರನ್ನೂ ನನ್ನನ್ನೂ ಒಳಗೆ ಕರೆದರು.

"ಕುಂದ್ರಿ ಸರ. ಸಮಿತಿಯವ್ರು ಮೊದಲು ನೋಡೋದೇ ಲೈಬ್ರರಿ. ಅಲ್ಲಿ ಪುಸ್ತಕದ ಬಗ್ಗೆ ನಾಕು ಮಾತಾಡೋರು ಬೇಕು. ನಿಮ್ಮನ್ನ ಬಿಟ್ರ ಯಾರ್ ಹಾರ?"

"ಇಂಗ್ಲಿಷ್ ವಿಭಾಗದಾಗ ಯಾರ್ ಕುಂದ್ರತಾರ್ರಿ?"

"ನಮ್ಮ ಅಳಿಯ ಎಂ.ಎ. ಮಾಡ್ಯಾನಲ್ಲ, ಸುಮ್ಕ ಕುಂದ್ರತಾನ. ಒಂದ್ ದಿನದ ಮಾತು. ಲೈಬ್ರರಿ ಫೇಲಾದ್ರ ನಿಮ್ಮ ಹುದ್ದಿನೂ ಹೋಗ್ತದ, ನೋಡ್ರಿ."

ಪಾಂಡುರಂಗರಾವ್ ನನ್ನ ಮುಖ ನೋಡಿದರು. ಬೇಡವೆನ್ನಲು ನನಗೊಂದು ಅವಕಾಶವಿತ್ತು. ನಾನು ಅಂದದ್ದು ಇಷ್ಟು: "ಒಂದ್ ದಿನ ಅಲ್ಲೇನ್ರಿ ಸರ. ನಾನೇ ಸೀಟಿ ಕಟ್ಕೊಂಡೀನಿ, ನೀವು ಕುರ್ಚಿ ಮ್ಯಾಲ ಕುಂದ್ರಾಕ ಏನಡ್ಡಿ?"

ಅವರು ಕುಳಿತರು. ಸಮಿತಿಯವರು ಬಂದಾಗ ಎರವಲು ಪುಸ್ತಕಗಳ ಬಗ್ಗೆ ಅರ್ಧ ತಾಸು ಎಷ್ಟು ಚೆನ್ನಾಗಿ ಮಾತಾಡಿದರೆಂದರೆ, ಅಧ್ಯಕ್ಷರು ಕೈಕುಲುಕಿ ಹೋದರು. ಕೊನೆಗೆ ಹಾಜರಿ ಹಾಳೆ ಬಂತು. ಯಾರು ಯಾವ ಕೋಣೆಯಲ್ಲಿದ್ದರೋ ಆ ಹುದ್ದೆಯ ಮುಂದೆ ಸಹಿ. ಪಾಂಡುರಂಗರಾವ್ 'ಗ್ರಂಥಪಾಲಕ, ಹಂಗಾಮಿ' ಎಂಬುದರ ಮುಂದೆ ದುಂಡಗೆ ಸಹಿ ಮಾಡಿದರು.

ಮರುವರ್ಷ ಜೂನಿನಲ್ಲಿ ಆದೇಶ ಬಂತು. ಇಂಗ್ಲಿಷ್ ಹುದ್ದೆ ಮಂಜೂರು, ಹೆಸರು ಅಳಿಯನದು.

ಪಾಂಡುರಂಗರಾವ್ ಒಳಗೆ ಹೋದರು. ಹಿಂದೆ ನಾನಿದ್ದೆ, ತುಸು ಹೆಚ್ಚೇ ಹಿಂದೆ.

"ನಾ ಏನ್ ಮಾಡ್ಲಿ ಸರ?" ಕಲ್ಯಾಣಪ್ಪನವರ ದನಿಯಲ್ಲಿ ನಿಜಕ್ಕೂ ಮರುಕವಿತ್ತು. "ಸಮಿತಿಯವ್ರು ಕಣ್ಣಾರೆ ನೋಡ್ಯಾರ. ಕೆಳಗ ನಿಮ್ಮದೇ ಸಹಿ ಅದ. ಚಾ ತಗೋರಿ."

ಹೊರಗೆ ಬಂದು ಚಪ್ಪಲಿ ಹುಡುಕುತ್ತ ಅವರು ಅಂದರು: "ಯಾರು ಯಾವ ಖೋಲ್ಯಾಗ ಕುಂತಾರ ನೋಡ್ರಿ ಅಂತ ಹನ್ನೊಂದ್ ವರ್ಷ ಹುಡುಗರಿಗಿ ಹೇಳೀನಿ. ನನ್ನ ಕುಂದ್ರಿಸಿದಾಗ ನನಗ ಕಾಣಲಿಲ್ಲ ನೋಡ್ರಿ ಸರ."

ಅವರು ಮೇಲಕ್ಕೆ ಅರ್ಜಿ ಬರೆದರು. ಸಾಕ್ಷಿ ಎಂದು ನನ್ನ ಹೆಸರು ಹಾಕಿದರು. ಹಾಕುವ ಮೊದಲು ಕೇಳಿದರು ಕೂಡ: "ಸರ, ಇದ್ದದ್ದು ಇದ್ದಂಗ ಹೇಳ್ತೀರಲ್ಲ?"

"ಬಿಡ್ತೀನೇನ್ರಿ?" ಎಂದೆ.

ಗುಲ್ಬರ್ಗಾದಿಂದ ತನಿಖೆಗೆ ಒಬ್ಬ ಅಧಿಕಾರಿ ಬಂದರು. ಹಿಂದಿನ ಸಂಜೆ ಕಲ್ಯಾಣಪ್ಪನವರು ನನಗೆ ಬೆದರಿಕೆಯನ್ನೇನೂ ಹಾಕಲಿಲ್ಲ. "ಸೀಟಿ ಮಾಸ್ತರ್ರ ಸಹಿನೂ ಅದೇ ಹಾಳ್ಯಾಗ ಅದ" ಎಂದು ನಕ್ಕರು, ಅಷ್ಟೇ. ಸುಳ್ಳು ಸಹಿಗೆ ಅಮಾನತು ಎಂಬುದನ್ನು ಬಿಡಿಸಿ ಹೇಳುವಷ್ಟು ಒರಟರಲ್ಲ ಅವರು.

ಮರುದಿನ ಅದೇ ಮಾರ್ಬಲ್ ಕೋಣೆಯಲ್ಲಿ ನನ್ನನ್ನು ಕುರ್ಚಿಯಲ್ಲಿ ಕೂಡಿಸಿ ಅಧಿಕಾರಿ ಕೇಳಿದರು: "ಆ ದಿನ ಇವರು ಎಲ್ಲಿದ್ದರು?" ಪಾಂಡುರಂಗರಾವ್ ಬಾಗಿಲ ಬಳಿ ಬರಿಗಾಲಲ್ಲಿ ನಿಂತಿದ್ದರು.

"ಲೈಬ್ರರಿಯೊಳಗ ಇದ್ದರ್ರಿ."

"ಗ್ರಂಥಪಾಲಕರಾಗಿ?"

"ಗ್ರಂಥಪಾಲಕರ ಕುರ್ಚಿ ಮ್ಯಾಲೇ ಕುಂತಿದ್ದರ್ರಿ."

ಒಂದು ಅಕ್ಷರವೂ ಸುಳ್ಳಲ್ಲ. ಅಧಿಕಾರಿ ಬರೆದುಕೊಂಡರು. ನಂತರ ಪಾಂಡುರಂಗರಾಯರತ್ತ ತಿರುಗಿ, "ಬೇರೆ ಸಾಕ್ಷಿ?" ಎಂದರು.

"ಇಲ್ಲರಿ. ಇವರೊಬ್ಬರೇ ಇದ್ದರು."

ಅಂದು ಸಂಜೆ ಒಂದೇ ರೈಲು, ಒಂದೇ ಡಬ್ಬಿ. ನನ್ನ ಮನೆಯಿದ್ದ ವಾಡಿಯಲ್ಲಿ ನಾನು ಇಳಿಯುವವರೆಗೆ ಅವರು ಕಿಟಕಿಯಾಚೆ ಸುಣ್ಣಕಲ್ಲಿನ ಗಣಿಗಳನ್ನು ನೋಡುತ್ತಿದ್ದರು. ಬೈದಿದ್ದರೆ ನನ್ನ ಬಳಿ ಒಳ್ಳೊಳ್ಳೆಯ ಉತ್ತರಗಳಿದ್ದವು.

ಅವರು ಕಾಲೇಜು ಬಿಟ್ಟು ನಾಲವಾರದಲ್ಲಿ ಸ್ಟೇಷನ್ನಿನ ಹತ್ತಿರ ಟ್ಯೂಷನ್ ತೆರೆದರು. ಇಂಗ್ಲಿಷ್ ಬೇಕೆಂದರೆ ಚಿತ್ತಾಪುರದಿಂದಲೂ ಹುಡುಗರು ಅಲ್ಲಿಗೇ ಹೋಗುತ್ತಿದ್ದರು. ೨೦೦೧ರಲ್ಲಿ ನನ್ನ ಮಗಳು ಧನಶ್ರೀ ಇಂಗ್ಲಿಷಿನಲ್ಲಿ ಫೇಲಾದಾಗ ಮನೆಯಲ್ಲಿ ಎಲ್ಲರೂ ಅವರ ಹೆಸರನ್ನೇ ಹೇಳಿದರು. ಬೇಡವೆನ್ನಲು ಕಾರಣ ಹೇಳಲಾಗದೆ ಕಳಿಸಿದೆ. ನನ್ನ ಹೆಸರು ಕೇಳಿ ವಾಪಸು ಕಳಿಸುತ್ತಾರೆಂದುಕೊಂಡಿದ್ದೆ; ಕಳಿಸಲಿಲ್ಲ. ಮಳೆಗಾಲದಲ್ಲಿ ರೈಲು ತಡವಾದರೆ ಅನಸೂಯಾಬಾಯಿ ಊಟಕ್ಕೂ ಹಾಕುತ್ತಿದ್ದರಂತೆ.

ಒಂದು ದಿನ ಮಗಳು ಬಂದು ಕೇಳಿದಳು: "ಅಪ್ಪಾ, ಸರು ಎಲ್ಲಾರ ಮನಿ ಮಂದಿನೂ ಆರಾಮ ಹಾರೇನು ಅಂತ ಕೇಳ್ತಾರ. ಅವ್ವನ್ನ ಕೇಳ್ತಾರ, ಅಜ್ಜಿನ್ನ ಕೇಳ್ತಾರ. ನಿನ್ನ ಒಬ್ಬನ್ನ ಕೇಳಂಗಿಲ್ಲ. ಯಾಕ?"

"ಪಾಠದ ಕಡಿ ಲಕ್ಷ್ಯ ಕೊಡು" ಎಂದೆ.