ಅಮೆರಿಕದ ಅಂಗಿ, ನಮ್ಮೂರ ಅರಿಶಿನ

ಅಮೆರಿಕದ ಫುಟ್‌ಬಾಲ್ ತಂಡಗಳ ಅಂಗಿಗಳಲ್ಲಿ ಯಾವುದು ಚೆನ್ನ, ಯಾವುದು ಚೆನ್ನಲ್ಲ ಎಂದು ನಿಮ್ಮಜ್ಜಿಗೆ ಗಟ್ಟಿಯಾದ ಅಭಿಪ್ರಾಯಗಳಿವೆ ಎಂದರೆ ನಿಮಗೆ ನಗು ಬರಬಹುದು. ಊರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು ನಾನು. ನಾಲ್ಕು ಜನರ ಮುಂದೆ ಮಾತಾಡು ಎಂದರೆ ಬಾಯಿ ಒಣಗುತ್ತದೆ. ಮೊನ್ನೆ ನೀವಿಬ್ಬರೂ ಯಾವುದೋ ತಂಡದ ಜೆರ್ಸಿಗೆ ಜಗಳವಾಡುತ್ತಿದ್ದಾಗ ನಡುವೆ ಬಾಯಿ ಹಾಕಬೇಕೆಂದುಕೊಂಡು ಸುಮ್ಮನಾದೆ. ಅವತ್ತು ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಜಗಲಿಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು ಕೂತೆ. ನಮ್ಮೂರು ಇರುವುದು ಪಿರಿಯಾಪಟ್ಟಣದಿಂದ ಟಿಬೆಟ್ಟಿನವರ ಕ್ಯಾಂಪಿಗೆ ಹೋಗುವ ದಾರಿಯಲ್ಲಿ. ರವಿಕೆ, ಲಂಗ, ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದೆ. ಕ್ಯಾಂಪಿನಿಂದ ಒಬ್ಬ ಅಕ್ಕ ಬರುತ್ತಿದ್ದರು. ಚಳಿಗಾಲದಲ್ಲಿ ಊರೂರು ತಿರುಗಿ ಸ್ವೆಟರ್ ಮಾರುವವರು. ಅವರ ಕನ್ನಡ ನನ್ನದಕ್ಕಿಂತ ಚುರುಕು. ಅವರ ತಮ್ಮನೊಬ್ಬ ಅಮೆರಿಕ ಸೇರಿದ್ದ. ಅಲ್ಲಿಂದ ಅಕ್ಕನ ಮಕ್ಕಳಿಗೆ ಅಲ್ಲಿನ ಫುಟ್‌ಬಾಲ್ ತಂಡಗಳ ಅಂಗಿ ಕಳಿಸುತ್ತಿದ್ದ. ಅವೋ, ಇಲ್ಲಿನ ಮಕ್ಕಳಿಗೆ ಮೊಣಕಾಲಿನವರೆಗೆ ಬರುತ್ತಿದ್ದವು.

“ನೋಡಕ್ಕ, ಇದ್ರೊಳಗೆ ನನ್ ಮಗನ್ನೂ ಆಕ್ಬೋದು, ನಿನ್ನೂ ಆಕ್ಬೋದು, ಮೇಲೆ ಒಂದ್ ಸೇರು ರಾಗಿನೂ ಸುರೀಬೋದು. ಸಣ್ದು ಮಾಡ್ಕೊಡು” ಎಂದು ಮೊದಲನೇ ಅಂಗಿಯನ್ನು ನನ್ನ ಮಡಿಲಿಗೆ ಹಾಕಿದರು.

ಅದನ್ನು ಬಿಚ್ಚುವುದಕ್ಕೆ ಮನಸ್ಸೇ ಬರಲಿಲ್ಲ. ಬಟ್ಟೆಯ ತುಂಬ ಸೂಜಿಮೊನೆಯಷ್ಟು ತೂತುಗಳು, ಬೆವರು ಆರಲಿ ಎಂದು. ನಾವು ರವಿಕೆಗೆ ಬಗಲುತುಂಡು ಕೊಡುವಂತೆ ಅವರೂ ಬಗಲಿಗೆ ಬೇರೆ ತುಂಡು ಕೂಡಿಸಿದ್ದರು, ಕೈ ಎತ್ತಿದರೆ ಅಂಗಿ ಮೇಲೇಳದ ಹಾಗೆ. ಒಳಗಿನ ಹೊಲಿಗೆ ಎಷ್ಟು ಚಪ್ಪಟೆಯಾಗಿತ್ತೆಂದರೆ ಬೆರಳಾಡಿಸಿದರೂ ಸಿಗುತ್ತಿರಲಿಲ್ಲ. ಯಾರಿಗೂ ಕಾಣದ ಒಳಮೈಯನ್ನು ಅಷ್ಟು ಚೆನ್ನಾಗಿ ಮಾಡಿದ್ದರಲ್ಲ, ಆ ಕೈಗಳನ್ನು ಮನಸ್ಸಿನಲ್ಲೇ ಹೊಗಳಿದೆ. ನನ್ನ ಅಭಿಮಾನ ಶುರುವಾದದ್ದು ಆಟದಿಂದಲ್ಲ, ಆ ಹೊಲಿಗೆಯಿಂದ.

ಆಟ ಬಂದದ್ದು ಆಮೇಲೆ, ಊರಿಗೆ ಕೇಬಲ್ ಬಂದಾಗ. ಅಲ್ಲಿ ಸಂಜೆ ಆಡುವ ಆಟ ನಮಗೆ ಬೆಳಗಿನ ಜಾವ ಕಾಣುತ್ತಿತ್ತು. ನಾನು ಅಂಗಳ ಸಾರಿಸಿ, ರಂಗೋಲಿ ಬಿಟ್ಟು ಒಳಗೆ ಬರುವ ಹೊತ್ತಿಗೆ ನನ್ನ ಮಗಳು, ನಿಮ್ಮವ್ವ, ಕಂಬಳಿ ಹೊದ್ದು ಟಿ.ವಿ. ಮುಂದೆ ಕೂತಿರುತ್ತಿದ್ದಳು. ಅವಳಿಗೆ ಕಾಲುಗಳ ಮೇಲೆ ಕಣ್ಣು, ನನಗೆ ಅಂಗಿಗಳ ಮೇಲೆ.

ಆ ದೇಶದವರಿಗೆ ಈ ಆಟ ಹೊಸದು, ಆಡಲು ಸರಿಯಾಗಿ ಬರುವುದಿಲ್ಲ ಎಂದು ನಗುವವರಿದ್ದರು. ನನಗೆ ಹಿಡಿಸಿದ್ದೇ ಆ ಹೊಸತನ. ಮೊದಮೊದಲು ಅವರ ಗಡಿಯಾರ ಹಿಂದಕ್ಕೆ ಓಡುತ್ತಿತ್ತು; ನಲವತ್ತೈದರಿಂದ ಇಳಿದು ಇಳಿದು ಸೊನ್ನೆಗೆ ಬಂದರೆ ಅರ್ಧ ಆಟ ಮುಗಿಯಿತು. ಆಟ ಸಮವಾದರೆ ಒಬ್ಬನೇ ಆಟಗಾರ ದೂರದಿಂದ ಚೆಂಡು ತಳ್ಳಿಕೊಂಡು ಬರಬೇಕು, ಗೋಲು ಕಾಯುವ ಗೋಲಿಯೊಬ್ಬನೇ ಎದುರಿಗೆ ನುಗ್ಗಬೇಕು. ಬೇರೆ ದೇಶದವರು ಏನೆಂದುಕೊಂಡಾರು ಎಂಬ ಚಿಂತೆ ಅವರಿಗಿರಲಿಲ್ಲ. ಅಂಗಿಗಳಲ್ಲೂ ಹಾಗೇ. ಒಂದರ ಮೇಲೆ ಅಲೆ, ಇನ್ನೊಂದರ ಮೇಲೆ ಬಣ್ಣದ ಡಬ್ಬ ಉರುಳಿಬಿದ್ದಂಥ ಕಲೆ, ಮತ್ತೊಂದಕ್ಕೆ ಭುಜದಿಂದ ಸೊಂಟಕ್ಕೆ ಓರೆಪಟ್ಟೆ. ಮೊದಲ ಸಲ ನೋಡಿದಾಗ ನಾನೂ ನಕ್ಕಿದ್ದೆ. ಆದರೆ ನೋಡುತ್ತಾ ಹೋದಂತೆ ಗೊತ್ತಾಯಿತು: ಮೈದಾನದ ಆ ತುದಿಯಲ್ಲಿ ನೊಣದಷ್ಟು ಕಾಣುವ ಆಟಗಾರ ಯಾವ ತಂಡದವನೆಂದು ಕ್ಷಣದಲ್ಲಿ ತಿಳಿಯುತ್ತಿತ್ತು. ಅಂಗಿಯ ಮೊದಲ ಕೆಲಸ ಅದು. ಆಮೇಲಿನ ವರ್ಷಗಳಲ್ಲಿ ಅವರೂ ಗಂಭೀರವಾದರು, ಒಂದೇ ಬಣ್ಣ, ಸಣ್ಣ ಅಂಚು. ಅವೂ ಅಂದವೇ. ಆದರೂ ಆ ಮೊದಲಿನ ಧೈರ್ಯವನ್ನು ನಾನು ಹೆಚ್ಚು ಮೆಚ್ಚುತ್ತೇನೆ.

ಒಂದೇ ಒಂದು ತಕರಾರಿತ್ತು. ಕೆಲವು ತಂಡಗಳು ಬಿಳಿ ಅಂಗಿಗೆ ಬಂಗಾರದ ಬಣ್ಣದ ನಂಬರು, ಪಟ್ಟೆಪಟ್ಟೆ ಅಂಗಿಗೆ ಪಟ್ಟೆಯದೇ ಬಣ್ಣದ ನಂಬರು ಹಾಕುತ್ತಿದ್ದವು. ಹತ್ತಿರ ಕೂತವರಿಗೆ ಚೆಂದ, ದೂರದವರಿಗೆ ಏನೂ ಕಾಣದು. ನಂಬರಿಗೆ ಕಪ್ಪು ಇಲ್ಲವೇ ಬಿಳಿ, ಎರಡೇ ಇರಬೇಕು ಎಂಬುದು ನನ್ನ ಖಂಡಿತ ಅಭಿಪ್ರಾಯ. ಈ ಅಭಿಪ್ರಾಯವೇ ಮುಂದೆ ನನ್ನನ್ನು ಪೇಚಿಗೆ ಸಿಕ್ಕಿಸಿತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅಲ್ಲಿ ಹೆಂಗಸರದ್ದೇ ಪಂದ್ಯಾವಳಿ ಶುರುವಾಯಿತು. ಸಂಬಳಕ್ಕೆ ಚೆಂಡಾಡುವ ಹೆಂಗಸರನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ. ಅವರ ಅಂಗಿಗಳು ಗಂಡಸರ ಅಂಗಿ ಸಣ್ಣ ಮಾಡಿದವಲ್ಲ, ಹೆಂಗಸರ ಮೈ ನೋಡಿಯೇ ಕತ್ತರಿಸಿದಂತಿದ್ದವು. ಓಡುವಾಗ ಎಲ್ಲೂ ಎಳೆಯುತ್ತಿರಲಿಲ್ಲ. ಗೋಲು ಹೊಡೆದ ಹುಡುಗಿ ಕೆಸರಿನಲ್ಲೇ ಜಾರಿಕೊಂಡು ಹೋಗಿ ನಗುತ್ತಾ ಏಳುತ್ತಿದ್ದಳು. ಆ ನಗುವಿಗೆ ನಾನು ಮಿಷನ್ ನಿಲ್ಲಿಸುತ್ತಿದ್ದೆ.

ನಮ್ಮತ್ತೆ ಒಂದು ಬೆಳಿಗ್ಗೆ ಎಲೆಅಡಿಕೆ ಬಾಯಿಗಿಟ್ಟುಕೊಂಡು ಬಾಗಿಲಲ್ಲಿ ನಿಂತು ನೋಡಿದರು.

“ಅಲ್ಲ ಕಣ್ರವ್ವಾ, ಈ ಹೆಣ್ಣೈಕ್ಳೆಲ್ಲ ಬೆಳಿಗ್ಗೆನೇ ಬಯಲಿಗ್ ಬಂದವ್ರಲ್ಲ, ಅವರ ಮನೆ ಬಾಗ್ಲಿಗೆ ನೀರಾಕೋರ್ ಯಾರು?”

“ಅಲ್ಲಿ ಈಗ ಸಂಜೆ ಕಣಜ್ಜಿ” ಎಂದಳು ನಿಮ್ಮವ್ವ.

“ಅಂಗಾರೆ ದೀಪ ಅಚ್ಚೋರ್ ಯಾರು?”

“ಗಂಡುಸ್ರು ಅಚ್ಕತಾರೆ ಬುಡಜ್ಜಿ.”

“ಅಚ್ಚಿದ್ರೂ ಅಚ್ಚಾರು. ಆ ಕೆಂಪು ಅಂಗಿಯೋಳು ಚೆನ್ನಾಗ್ ಓಡ್ತಾಳೆ” ಎಂದು ಅಲ್ಲೇ ಕೂತರು. ಅಂದಿನಿಂದ ಮೂವರೂ ನೋಡುತ್ತಿದ್ದೆವು. ಮೂರು ವರ್ಷಕ್ಕೆ ಆ ಪಂದ್ಯಾವಳಿ ನಿಂತುಹೋಯಿತು. ಮನೆಯಲ್ಲಿ ಯಾರಿಗೋ ವರ್ಗವಾದಂತೆ ಅನಿಸಿತ್ತು.

ನಿಮ್ಮವ್ವ ಹೈಸ್ಕೂಲಿನಲ್ಲಿ ಎಡಪಕ್ಕದಲ್ಲಿ ಓಡುವ ಆಟಗಾರ್ತಿ. ಕ್ಯಾಂಪಿನ ಮಕ್ಕಳ ಜೊತೆ ಆಡಿ ಕಲಿತವಳು. ಶಾಲೆಯಲ್ಲಿ ಹುಡುಗಿಯರ ತಂಡವೇನೋ ಇತ್ತು, ಆದರೆ ತಾಲ್ಲೂಕು ಪಂದ್ಯಕ್ಕೆ ಒಮ್ಮೆಯೂ ಕಳಿಸಿರಲಿಲ್ಲ. ಹುಡುಗಿಯರಿಗೆ ಜೆರ್ಸಿ ಇಲ್ಲ ಎಂಬುದೇ ಕಾರಣ. ಅವಳು ಹತ್ತನೇ ತರಗತಿಗೆ ಬಂದಾಗ ಪಿ.ಟಿ. ಮೇಷ್ಟ್ರು, “ಈ ಸಲ ಎಲ್ಲರೂ ಒಂದೇ ಥರದ ಜೆರ್ಸಿ ಹಾಕಿಕೊಂಡು ಬಂದರೆ ಕರ್ಕೊಂಡು ಹೋಗ್ತೀನಿ. ಒಂದೇ ಥರ ಇರ್ಬೇಕು, ಇಲ್ದಿದ್ರೆ ರೆಫರಿ ಒಳಗೇ ಬಿಡಲ್ಲ” ಎಂದರು. ಅದೇ ಅವಳ ಕೊನೆಯ ವರ್ಷ. ಈ ಸಲ ತಪ್ಪಿದರೆ ಅವಳು ಊರ ಬಯಲಿನಾಚೆ ಎಂದೂ ಆಡದೆಯೇ ಶಾಲೆ ಬಿಡುತ್ತಿದ್ದಳು. ಅವಳು ನನ್ನನ್ನು ಕೇಳಲಿಲ್ಲ. ಮಿಷನ್ ಪಕ್ಕ ಬಂದು ಕೂತು ದಾರ ಸುತ್ತತೊಡಗಿದಳು, ಅಷ್ಟೇ.

ಕ್ಯಾಂಪಿನ ಅಕ್ಕ ತಮ್ಮ ವ್ಯಾಪಾರದಲ್ಲಿ ಉಳಿದ ಬಿಳೀ ಬನಿಯನ್ ಬಟ್ಟೆಯ ಥಾನು ತಂದುಕೊಟ್ಟರು. ಅಮೆರಿಕದ ಅಂಗಿಗಳಿಂದ ಕಲಿತದ್ದನ್ನೆಲ್ಲ ಅದರಲ್ಲಿ ಹಾಕಿದೆ: ಬಗಲಿಗೆ ತುಂಡು, ಸೊಂಟದಲ್ಲಿ ಸ್ವಲ್ಪ ಒಳಗೆ, ಕೊರಳಿಗೆ ಎರಡು ಮಡಿಕೆ. ಚಡ್ಡಿ ಮಂಡಿ ಮುಚ್ಚಬೇಕೆಂದು ತಾಯಂದಿರು ಹೇಳಿದ್ದರು. ಮುಚ್ಚಿದೆ, ಆದರೆ ಪಕ್ಕದಲ್ಲಿ ನೆರಿಗೆ ಇಟ್ಟೆ, ಓಡುವಾಗ ತೆರೆದುಕೊಳ್ಳಲಿ ಎಂದು. ಬೆನ್ನಿಗೆ ಕರೀ ಲಂಗದ ಬಟ್ಟೆಯಲ್ಲಿ ಗೇಣುದ್ದದ ನಂಬರು ಕತ್ತರಿಸಿ ಹೊಲಿದೆ. ಬಿಳಿಯ ಮೇಲೆ ಕಪ್ಪು. ದಾರಿಯ ಆಚೆ ಬದಿಯಿಂದ ಓದಬಹುದಿತ್ತು. ಗೋಲಿ ಹುಡುಗಿಗೆ ಮಾತ್ರ ಶಾಲೆಯಲ್ಲಿದ್ದ ಹಳೇ ಹಸಿರು ಅಂಗಿ. ಪಂದ್ಯಕ್ಕೆ ಎರಡು ದಿನ ಇರುವಾಗ ಹುಡುಗಿಯರು ಬಂದು ಅಂಗಿಗಳನ್ನು ಎದೆಗವಚಿಕೊಂಡು ಮನೆಗೆ ಒಯ್ದರು.

ಹೊಸ ಬಟ್ಟೆಯನ್ನು ಅರಿಶಿನ ಹಚ್ಚದೆ ಮೈಗೆ ಹಾಕಬಾರದು ಎಂಬುದು ನಿಮಗೂ ಗೊತ್ತು. ನಾನು ಹೊಲಿದುಕೊಡುವುದಷ್ಟೇ. ಗಂಡನಿಲ್ಲದವಳು ಇನ್ನೊಬ್ಬರ ಹೊಸ ಬಟ್ಟೆಗೆ ಅರಿಶಿನ ಮುಟ್ಟಿಸುವುದಿಲ್ಲ. ಅದು ಅವರವರ ಮನೆಯ ಮುತ್ತೈದೆಯರ ಕೆಲಸ. ಅವರು ಕಾಣದ ಮೂಲೆಯಲ್ಲಿ ಒಂದು ಬೊಟ್ಟಿಡುತ್ತಾರೆ. ಆದರೆ ಈ ಸಲ ಹೊಸ ಬಟ್ಟೆಯ ಬೆನ್ನ ತುಂಬ ಕಪ್ಪು ಇತ್ತಲ್ಲ! ಹೆಣ್ಣುಮಗಳ ಮೈಮೇಲೆ ಅಷ್ಟು ಕಪ್ಪು ಕಂಡು ತಾಯಂದಿರಿಗೆ ಜೀವ ತಡೆಯಲಿಲ್ಲ. ಕಪ್ಪಿನ ದೋಷ ಹೋಗಲಿ ಎಂದು ಒಬ್ಬಾಕೆ ಎದೆಗೆ, ಒಬ್ಬಾಕೆ ಭುಜಕ್ಕೆ, ಇನ್ನೊಬ್ಬಾಕೆ ನಾಲ್ಕು ಮೂಲೆಗೂ ಧಾರಾಳವಾಗಿ ಅರಿಶಿನ ಬಳಿದರು. ಒಬ್ಬಾಕೆ ಜಾಸ್ತಿಯಾಯಿತೆಂದು ಸೋಪು ಹಚ್ಚಿ ಉಜ್ಜಿದ್ದಕ್ಕೆ ಹಳದಿ ಹೋಗಿ ಕೆಂಪಾಯಿತು.

ಮಾರನೇ ದಿನ ಶಾಲೆಯಲ್ಲಿ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದ ಮೇಷ್ಟ್ರು, “ಏನ್ರಮ್ಮಾ, ಪಂದ್ಯಕ್ಕೆ ಹೊರಟಿದ್ದೀರೋ, ಓಕುಳಿ ಆಡ್ಕೊಂಡ್ ಬಂದಿದ್ದೀರೋ? ಒಂದೇ ಥರ ಅಂದಿದ್ನಲ್ಲ! ನಾಳೆ ಬೆಳಿಗ್ಗೆ ಬಸ್ಸು. ಹಿಂಗೇ ಬಂದ್ರೆ ಹತ್ತಿಸಲ್ಲ” ಎಂದರಂತೆ.

ನಿಮ್ಮವ್ವ ಮಧ್ಯಾಹ್ನವೇ ಮನೆಗೆ ಬಂದಳು. ಅವಳ ಬೆನ್ನಿಗೇ ತಂಡದ ಉಳಿದ ಹುಡುಗಿಯರು, ಒಬ್ಬಿಬ್ಬರು ತಾಯಂದಿರು. ಬಂದವಳೇ ಅಂಗಿಯನ್ನು ಮಿಷನ್ ಮೇಲೆ ಎಸೆದು ಗೋಡೆ ಕಡೆ ತಿರುಗಿ ಕೂತಳು. ಅವಳು ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅಳಲಿಲ್ಲ.

ಅಂಗಿಗಳನ್ನು ಸಾಲಾಗಿ ಹರಡಿ ನೋಡಿದೆ. ತೊಳೆದರೆ ಕಲೆ ಹೋಗುವುದಿಲ್ಲ, ಹೊಸದು ಹೊಲಿಯಲು ಬಟ್ಟೆಯಿಲ್ಲ. ಅಮೆರಿಕದವರ ಆ ಕಲೆಯ ಅಂಗಿ ಕಣ್ಣ ಮುಂದೆ ಬಂತು. ಅವರದು ಕಲೆಯಂತೆ ಕಾಣಲಿಲ್ಲ, ಯಾಕೆಂದರೆ ಎಲ್ಲ ಆಟಗಾರರ ಮೈಮೇಲೂ ಅದೇ ಜಾಗದಲ್ಲಿ ಅದೇ ಕಲೆಯಿತ್ತು.

“ಎಲ್ಲಾನೂ ಅರಿಶಿನದ ನೀರ್ಗೆ ಅದ್ದಿಬಿಟ್ರೆ?” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಅತ್ತೆಗೆ ಕೇಳಿಸಿತು. “ಅದ್ದು ಮತ್ತೆ! ನೀನು ಹೇಳ್ತಿದ್ಯಲ್ಲ ಓರೆಪಟ್ಟೆ, ಅದನ್ನೂ ಆಕು. ಆರತಿ ನೀರಿಗೆ ಏನಾಕ್ತೀವಿ? ಅರಿಶಿನಕ್ಕೆ ಸುಣ್ಣ. ಕೆಂಪು ಬತ್ತದೆ” ಎಂದು ತಮ್ಮ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದರು.

ಹಂಡೆಯಲ್ಲಿ ನೀರು ಕಾಯಿತು. ಪ್ರತಿ ಮನೆಯಿಂದ ಅರಿಶಿನ ಬಂತು. ಕದಡಿ ಇಟ್ಟ ಮೇಲೆ ನಾನು ಎರಡು ಹೆಜ್ಜೆ ಹಿಂದೆ ಸರಿದು ನಿಂತು, “ಮುತ್ತೈದೆ ನೀವಿದ್ದೀರಲ್ಲ, ನೀವೇ ಅದ್ದಿ ಅತ್ತೆ” ಎಂದೆ.

“ನನ್ ಕೈ ನಡುಗ್ತದೆ ಕಣವ್ವ. ಪಟ್ಟೆ ಸೊಟ್ಟ ಆದ್ರೆ ಆ ಮೇಷ್ಟ್ರು ಮತ್ತೆ ಬಾಯ್ ಮಾಡ್ತಾನೆ. ಅಂಗಿ ಒಲಿದೋಳು ನೀನು, ನೀನೇ ಅದ್ದು.”

ನಾನು ಆ ತಾಯಂದಿರ ಮುಖ ನೋಡಲಿಲ್ಲ. ಕೆಳಗೆ ನೋಡುತ್ತಾ ನಿಂತೆ. ಎದೆಗೆ ಅರಿಶಿನ ಬಳಿದಿದ್ದಾಕೆಯೇ ತನ್ನ ಮಗಳ ಅಂಗಿಯನ್ನು ತಂದು ನನ್ನ ಕೈಗಿಟ್ಟು, “ಇದುನ್ನೇ ಮೊದ್ಲು ಅದ್ದಕ್ಕ, ನಮ್ದೇ ಬಲೇ ಗಲೀಜಾಗ್ಬುಟ್ಟದೆ” ಎಂದರು. ಹುಡುಗಿಯರು ಕಿಸಕ್ಕನೆ ನಕ್ಕರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅದ್ದತೊಡಗಿದೆ.

ಹಿಂಡಿದ ಅಂಗಿಗಳನ್ನು ನೆರಳಲ್ಲಿ ಒಣಗಿಸಿದೆವು, ಬಿಸಿಲಿಗೆ ಅರಿಶಿನ ನಿಲ್ಲದು. ಆಮೇಲೆ ಹಲಗೆಯ ಅಂಚನ್ನು ಭುಜದಿಂದ ಸೊಂಟಕ್ಕೆ ಓರೆಯಾಗಿ ಇಟ್ಟು, ಸುಣ್ಣದ ತಿಳಿನೀರಿನಲ್ಲಿ ಬಟ್ಟೆಯುಂಡೆ ಅದ್ದಿ ಎಳೆದೆ. ಎಳೆದಲ್ಲೆಲ್ಲ ಕೆಂಪು ಎದ್ದು ಬಂತು. ಹಳದಿ ಅಂಗಿ, ಕೆಂಪು ಓರೆಪಟ್ಟೆ, ಬೆನ್ನಿಗೆ ಕರೀ ನಂಬರು. ಅಮೆರಿಕದವರ ಸಾಲಿನಲ್ಲಿ ನಿಲ್ಲಿಸಿದ್ದರೂ ನಾಚಬೇಕಿರಲಿಲ್ಲ. ಗೋಡೆಯ ಕಡೆ ತಿರುಗಿದ್ದವಳು ಯಾವಾಗ ಬಂದಳೋ, ಹಲಗೆಯ ಇನ್ನೊಂದು ತುದಿ ಹಿಡಿದಿದ್ದಳು.

ಪಿರಿಯಾಪಟ್ಟಣದ ಮೈದಾನಕ್ಕೆ ನಾನೂ ಕ್ಯಾಂಪಿನ ಅಕ್ಕನೂ ಹೋಗಿ ಬೇವಿನ ಮರದ ಹಿಂದೆ ಕೂತೆವು. ಎದುರು ತಂಡದ ಕಡೆಯ ಹುಡುಗರು, “ಲೇ, ಬಾವುಟನೇ ಹೊಲಿಸ್ಕೊಂಡ್ ಬಂದವ್ರೆ ಕಣ್ಲಾ!” ಎಂದು ಕೂಗಿದರು.

“ಬಾವುಟಕ್ಕೆ ಎದ್ದು ನಿಂತ್ಕೋಬೇಕು ಕಣ್ರೋ, ಏಳ್ರೋ ಮೇಲೆ!” ಎಂದು ಅಕ್ಕ ತಿರುಗಿ ಕೂಗಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ರೆಫರಿ ಸಾಲಿನ ಮುಂದೆ ನಡೆದರು. ಎದೆ ನೋಡಿದರು, ಹಿಂದೆ ಹೋಗಿ ನಂಬರು ನೋಡಿದರು. ಮೇಷ್ಟ್ರು ಕೈ ಕಟ್ಟಿಕೊಂಡು ನಿಂತಿದ್ದರು. ರೆಫರಿ ನಡುವಿಗೆ ಹೋಗಿ ಸೀಟಿ ಊದಿದರು. ನಿಮ್ಮವ್ವ ಎಡಗಡೆ ಗೆರೆಯುದ್ದಕ್ಕೂ ಓಡಿದಳು. ಅವಳು ಹಾಗೆ ಓಡುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಪಕ್ಕದ ನೆರಿಗೆ ತೆರೆದು ಮುಚ್ಚುತ್ತಿತ್ತು. ಬಗಲು ಎಳೆಯುತ್ತಿರಲಿಲ್ಲ.

ಆದರೆ ಬಿಸಿಲು, ಬೆವರು. ಸುಣ್ಣದ ಕೆಂಪು ಬೆವರಿಗೆ ಕರಗಿ ಮತ್ತೆ ಹಳದಿಯಾಗತೊಡಗಿತು. ಚೆಂಡಿಗೂ ಹಳದಿ ಹತ್ತಿತು. ಎದುರು ತಂಡದ ಗೋಲಿ ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಅರ್ಧ ಆಟಕ್ಕೆ ಬಿಟ್ಟಾಗ ನಿಮ್ಮವ್ವ ಮರದ ಹಿಂದಕ್ಕೆ ಓಡಿಬಂದಳು, ಮುಖ ಸಣ್ಣದಾಗಿತ್ತು.

“ಅವ್ವಾ, ಪಟ್ಟೆ ವೊಂಟೋಯ್ತು. ಆಟ ನಿಲ್ಲುಸ್ಬುಟ್ರೆ?”

ಮೈದಾನದಲ್ಲಿ ನೀರು ಕುಡಿಯುತ್ತಿದ್ದ ಅವಳ ಗೆಳತಿಯರನ್ನು ಒಬ್ಬೊಬ್ಬರಾಗಿ ನೋಡಿದೆ.

“ನಿಂದೊಂದೇ ಓಗಿದ್ರೆ ನಿಲ್ಲುಸ್ತಿದ್ರು” ಎಂದೆ. “ಎಲ್ಲಾರ್ದೂ ಓಗ್ಬುಟ್ಟದೆ ಕಣವ್ವ. ನೋಡು, ಎಲ್ಲಾರ್ದೂ ಒಂದೇ ತರ ಅದೆ. ಓಡು.”

ಅವಳು ತಿರುಗಿ ನೋಡಿದಳು. ಎಣಿಸಿದಂತೆ ಒಬ್ಬೊಬ್ಬರ ಎದೆಯನ್ನೂ ನೋಡಿ, ನನ್ನ ಕೈಯಲ್ಲಿದ್ದ ನೀರನ್ನೂ ಕುಡಿಯದೆ ಓಡಿದಳು.