ಮಿಲ್ಲು ಕೂಗದ ಮಧ್ಯಾಹ್ನ

ಹೆಂಚಿನ ಮೇಲೆ ಜೋಳದ ರೊಟ್ಟಿ ಉಬ್ಬುವ ವಾಸನೆ ಬಂದಾಗಲೆಲ್ಲ ಇದನ್ನು ಹೇಳಿಬಿಡಬೇಕು ಅನ್ನಿಸುತ್ತಿತ್ತು. ಉಂಡ ಮೇಲೆ ಹೇಳೋಣವೆಂದು ಮುಂದೂಡುತ್ತಿದ್ದೆ. ಹಾಗೇ ಮುದುಕನಾದೆ. ದಾವಣಗೆರೆಯಲ್ಲಿ ಆಗ ಹತ್ತಿ ಮಿಲ್ಲಿನ ಕೂಗೇ ಗಡಿಯಾರ, ನಿಮಗೂ ನೆನಪಿರಬಹುದು. ಮಧ್ಯಾಹ್ನ ಅದು ಕೂಗಿತೆಂದರೆ ಓಣಿಯ ಮಕ್ಕಳೆಲ್ಲ ಗೋಲಿ ಬಿಟ್ಟು ಮನೆಗೆ ಓಡುತ್ತಿದ್ದೆವು. ನಮ್ಮ ಹಿತ್ತಲ ಕೋಣೆಯಲ್ಲಿ ಮಿಲ್ಲಿನ ಕೆಲಸಗಾರನೊಬ್ಬನ ಸಂಸಾರ ಬಾಡಿಗೆಗಿತ್ತು. ಅವನ ಹೆಂಡತಿ ಹರಿಹರದವಳು, ನಮಗೆಲ್ಲ ಅಕ್ಕ. ಒಂದು ಮೊರ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸು, ಎಣ್ಣೆ ಕಲಸಿ ಓಣಿಗೇ ಹಬ್ಬ ಮಾಡಿಬಿಡುತ್ತಿದ್ದ ಹೆಂಗಸು.

ಒಂದು ವರ್ಷ ಮುಷ್ಕರವಾಗಿ ಕೂಗು ನಿಂತಿತು. ಅಕ್ಕನ ಒಲೆ ಸಂಜೆ ಮಾತ್ರ ಉರಿಯತೊಡಗಿತು. ನಮ್ಮವ್ವ ಅವಳ ಮಕ್ಕಳನ್ನು ಊಟಕ್ಕೆ ಕರೆದರೆ, "ಉಂಡಾವ್ರಿ, ಬ್ಯಾಡ್ರಿ," ಅನ್ನುತ್ತಿದ್ದಳು. ಅವಳ ಮಕ್ಕಳಿಬ್ಬರೂ ಮಧ್ಯಾಹ್ನವೆಲ್ಲ ಅಳದೆ ಆಡುತ್ತಿದ್ದರು. ಯಾಕೆಂದು ಕೇಳಿದೆ. "ಮಿಲ್ಲು ಕೂಗಿದ್ರ ಹಸಿವು ಬರ್ತೈತೆ. ಈಗ ಕೂಗ್ತಿಲ್ಲ, ಅದಕ್ಕ ಬರಂಗಿಲ್ಲ. ಅವ್ವ ಹೇಳ್ಯಾಳ," ಅಂದಳು ಹುಡುಗಿ.

ನಾನು ಶಾಲೆಯಲ್ಲಿ ಆಗಷ್ಟೇ ಜಠರದ ಪಾಠ ಕಲಿತಿದ್ದೆ. "ಥೂ ಪೆದ್ದಿ! ಉಂಡಿದ್ದು ಕರಗಿ ಹೊಟ್ಟಿ ಖಾಲಿ ಆದ್ರ ತಾನಾಗೇ ಹಸಿತೈತೆ. ಮುಟ್ಟಿ ನೋಡ್ಕ." ಅವಳು ಮುಟ್ಟಿ ನೋಡಿಕೊಂಡಳು. ತಮ್ಮನೂ ಮುಟ್ಟಿಕೊಂಡ. ಇಬ್ಬರೂ ಅಳತೊಡಗಿದರು.

ಅಕ್ಕ ಹೊರಗೆ ಬಂದಳು. ಬೈಯುತ್ತಾಳೆಂದುಕೊಂಡೆ. ಅವಳು ಮಕ್ಕಳನ್ನು ತೊಡೆಗೆಳೆದುಕೊಂಡು, "ಅಣ್ಣ ಹೇಳಿದ್ದೇ ಖರೆ. ನಾನು ಸುಳ್ಳು ಹೇಳಿದ್ದೆ," ಎಂದಳು. "ನಿಮ್ಮ ಮೈಯಾಗ ಒಬ್ಬ ಗೌಂಡಿ ಅದಾನ. ದಿನಾ ನಿಮ್ಮನ್ನ ಒಂದೀಟು ಎತ್ತರ ಕಟ್ತಾನ. ಕಲ್ಲು ತಾ, ಮಣ್ಣು ತಾ ಅಂತ ಒದರ್ತಾನ. ಅದೇ ಹಸಿವು."

"ಮತ್ತ ಕೊಡವ್ವ ಅವನಿಗೆ," ಎಂದ ಕಿರಿಯವನು.

ಅಕ್ಕ ಅವನ ಬೆನ್ನು ಸವರಿದಳು. ಅಷ್ಟರಲ್ಲಿ ಅವ್ವ ನನ್ನನ್ನು ಊಟಕ್ಕೆ ಕರೆದಳು. ಹಿತ್ತಲಿನ ಅಳು ಅಡುಗೆಮನೆಗೂ ಕೇಳುತ್ತಿತ್ತು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಸ್ವಲ್ಪ ದಿನಕ್ಕೆ ಅವರು ಕೋಣೆ ಬಿಟ್ಟು ಹರಿಹರಕ್ಕೆ ಹೋದರು. ಎಸ್ಸೆಸ್ಸೆಲ್ಸಿವರೆಗೆ ಎಷ್ಟೋ ಮೇಷ್ಟ್ರ ಕೈಕೆಳಗೆ ಓದಿದೆ, ಆದರೆ ಮಕ್ಕಳ ಮುಂದೆ ತನ್ನ ಸುಳ್ಳನ್ನು ಒಪ್ಪಿಕೊಂಡು, ನಿಜವನ್ನು ಅಷ್ಟು ಮೆತ್ತಗೆ ಹೇಳಬಲ್ಲ ಇನ್ನೊಬ್ಬರನ್ನು ಕಾಣಲಿಲ್ಲ. ನನ್ನ ಮಕ್ಕಳು ಹಸಿವು ಯಾಕೆಂದು ಕೇಳಿದಾಗ ಗೌಂಡಿಯ ಕಥೆಯನ್ನೇ ಹೇಳಿದೆ, ಯಾರು ಹೇಳಿದ್ದೆಂದು ಹೇಳಲಿಲ್ಲ. ಎಷ್ಟೋ ಸಲ ಹರಿಹರದಲ್ಲಿ ಬಸ್ಸಿಳಿದು ಹೊಳೆಯವರೆಗೆ ನಡೆದು ಹೋಗಿದ್ದೇನೆ, ಯಾರನ್ನೂ ವಿಚಾರಿಸದೆ ಮರಳಿದ್ದೇನೆ. ವಿಚಾರಿಸಲು ಹೆಸರು ಹೇಳಬೇಕಿತ್ತು, ಆ ಇನ್ನೊಂದು ರೊಟ್ಟಿ ಉಂಡ ಬಾಯಿಗೆ ಅದು ಬರಲಿಲ್ಲ. ಹಾಲಮ್ಮ. ಅವಳ ಹೆಸರು ಹಾಲಮ್ಮ.